ಗಿಳಿ ಪಾಸು ಮಾಡಿದ ಫೋನು

ಫೋನು ಕಂಪನಿಯ ಪರೀಕ್ಷಾ ಕೋಣೆಯಲ್ಲಿ ಅವಳನ್ನು ಎಲ್ಲರೂ ಪಟಾಕಿ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಮೂಗಿನ ತುದಿಯಲ್ಲೇ ಕೋಪ. ಚಹಾ ತಣ್ಣಗಿದ್ದರೆ ಕೋಪ, ಲಿಫ್ಟು ತಡವಾದರೆ ಕೋಪ, ಯಾರಾದರೂ ಅವಳ ಸ್ಕ್ರೂಡ್ರೈವರ್ ಒಯ್ದು ವಾಪಸ್ ಇಡದಿದ್ದರೆ ಆ ದಿನ ಆ ಮಹಡಿಯಲ್ಲಿ ಯಾರಿಗೂ ಉಳಿಗಾಲವಿಲ್ಲ. ಆದರೆ ಅವೆಲ್ಲ ಸಿಡಿದು ಆರುವ ಕೋಪಗಳು. ಆ ಮಂಗಳವಾರ ಬೆಳಿಗ್ಗೆ ತಮ್ಮ ತಂದು ಮೇಜಿನ ಮೇಲಿಟ್ಟ ಕಾಗದ ಓದಿದಾಗ ಬಂದದ್ದು ಬೇರೆ ಜಾತಿಯದು. ಸಿಡಿಯಲಿಲ್ಲ. ಕೆಂಡದ ಹಾಗೆ ಎದೆಯೊಳಗೆ ಕುಳಿತುಬಿಟ್ಟಿತು.

ಕಾಗದ ತುರ್ತು ಸಹಾಯ ಕೇಂದ್ರದ್ದು. ‘ನಿಮ್ಮ ಸಂಖ್ಯೆಯಿಂದ ಒಂದೇ ದಿನ ಮೂರು ಅರ್ಥಹೀನ ಸಂದೇಶಗಳು ಬಂದಿವೆ. ಸೇವೆಯ ದುರುಪಯೋಗಕ್ಕಾಗಿ ನಿಮ್ಮನ್ನು ಕಿಡಿಗೇಡಿಗಳ ಪಟ್ಟಿಗೆ ಸೇರಿಸಲಾಗಿದೆ. ಮುಂದಿನ ಆರು ತಿಂಗಳು ಈ ಸಂಖ್ಯೆಯ ಸಂದೇಶಗಳನ್ನು ಸ್ವೀಕರಿಸಲಾಗುವುದಿಲ್ಲ.’

ತಮ್ಮನಿಗೆ ಹುಟ್ಟಿನಿಂದಲೂ ಕಿವಿ ಕೇಳಿಸುವುದಿಲ್ಲ. ಅವನ ಹೆಂಡತಿಗೂ ಇಲ್ಲ. ಅವನು ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಾನೆ. ಲಾಂಡ್ರಿಯ ಮೇಲಿನ ಎರಡು ಕೋಣೆಗಳಲ್ಲೇ ಇಬ್ಬರ ಸಂಸಾರ. ಹೆಂಡತಿ ಏಳು ತಿಂಗಳ ಬಸುರಿ. ಹಿಂದಿನ ವಾರ ಒಂದು ಮಧ್ಯಾಹ್ನ, ಲಾಂಡ್ರಿಗೆ ರಜೆ ಇದ್ದ ದಿನ, ಅವಳಿಗೆ ಇದ್ದಕ್ಕಿದ್ದಂತೆ ರಕ್ತ ಹೋಗಲು ಶುರುವಾಯಿತು. ತಮ್ಮ ಫೋನಿನಲ್ಲಿ ತುರ್ತು ಸಹಾಯದ ಮೆನು ಒತ್ತಿ ಸಂದೇಶ ಬರೆದ. ಯಾರೂ ಬರಲಿಲ್ಲ. ಮತ್ತೆ ಬರೆದ. ಮತ್ತೂ ಬರೆದ. ಕೊನೆಗೆ ಕೆಳಗಿನ ಅಂಗಡಿಯಿಂದ ಬಟ್ಟೆ ಸಾಗಿಸುವ ತಳ್ಳುಗಾಡಿ ತಂದು, ಅದರಲ್ಲಿ ಬೆಡ್‌ಶೀಟುಗಳ ರಾಶಿ ಹಾಸಿ, ಹೆಂಡತಿಯನ್ನು ಮಲಗಿಸಿಕೊಂಡು ನಡುರಸ್ತೆಯಲ್ಲಿ ತಳ್ಳುತ್ತ ಆಸ್ಪತ್ರೆಗೆ ಓಡಿದ. ಹಿಂದಿನಿಂದ ಬರುವ ಗಾಡಿಗಳ ಹಾರನ್ನು ಅವನಿಗೆ ಕೇಳಿಸುವುದಿಲ್ಲ.

ಅಕ್ಕನಿಗೂ ಅವನು ಆ ದಿನ ಮೆಸೇಜು ಹಾಕಿದ್ದ. ಅದು ಸರಿಯಾಗಿಯೇ ಬಂದಿತ್ತು. ಆದರೆ ಪರೀಕ್ಷಾ ಕೋಣೆಗೆ ಹೋಗುವವರು ತಮ್ಮ ಫೋನನ್ನು ಬಾಗಿಲ ಬಳಿಯ ಲಾಕರಿನಲ್ಲಿ ಇಟ್ಟು ಹೋಗಬೇಕು. ಅವಳು ಅದನ್ನು ನೋಡಿದ್ದು ಸಂಜೆ ಐದಕ್ಕೆ.

ತಾಯಿ, ಮಗು ಎರಡೂ ಜೀವ ಉಳಿದವು. ಆದರೆ ವೈದ್ಯೆ ಬೆರಳೆತ್ತಿ ಹೇಳಿದ್ದರು: “ಈ ಸಲ ಅದೃಷ್ಟ. ಇನ್ನೊಂದು ಸಲ ಹೀಗಾದ್ರೆ ಅರ್ಧ ಗಂಟೆಯೊಳಗೆ ಇಲ್ಲಿರ್ಬೇಕು. ಇಲ್ದಿದ್ರೆ ಮಗು ಕೈಗೆ ಸಿಗಲ್ಲ.” ಹೆರಿಗೆಗೆ ಇನ್ನೂ ಎರಡು ತಿಂಗಳು. ಸಂಖ್ಯೆ ಬಂದ್ ಆಗಿರುವುದು ಆರು ತಿಂಗಳು. ಲೆಕ್ಕ ಬರದವರಿಗೂ ಅರ್ಥವಾಗುವ ವಿಷಯ.

ತಮ್ಮ ಕೈಸನ್ನೆಯಲ್ಲಿ ಕೇಳಿದ: ನಾನೇನು ತಪ್ಪು ಮಾಡಿದೆ?

“ನೀನೇನೂ ಮಾಡಿಲ್ಲ ಕಣೋ,” ಎಂದು ಅವಳು ಬಾಯಲ್ಲೂ ಕೈಯಲ್ಲೂ ಒಟ್ಟಿಗೇ ಹೇಳಿದಳು. ಕೋಪ ಬಂದಾಗ ಅವಳು ಎರಡರಲ್ಲೂ ಕೂಗುತ್ತಾಳೆ.

ಅಂದು ಅರ್ಧ ದಿನ ರಜೆ ಹಾಕಿ ನೇರ ಸಹಾಯ ಕೇಂದ್ರಕ್ಕೆ ಹೋದಳು. ಅಲ್ಲಿನ ಮೇಲ್ವಿಚಾರಕಿ ಐವತ್ತರ ಆಸುಪಾಸಿನವರು, ಕುತ್ತಿಗೆಯಲ್ಲಿ ಕನ್ನಡಕ ಜೋತುಬಿಟ್ಟುಕೊಂಡಿದ್ದವರು, ಕೆಟ್ಟವರೇನಲ್ಲ. ಕುರ್ಚಿ ಕೊಟ್ಟರು, ನೀರು ಕೊಟ್ಟರು, ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿದರು. ತಮ್ಮನ ಸಂಖ್ಯೆಯ ಮುಂದೆ ಮೂರು ಸಾಲು. ಮೂರರಲ್ಲೂ ಬರೀ ಪ್ರಶ್ನಾರ್ಥಕ ಚಿಹ್ನೆಗಳು, ಉದ್ದಕ್ಕೆ, ಇರುವೆ ಸಾಲಿನ ಹಾಗೆ.

“ನೀವೇ ನೋಡಿ. ಇದನ್ನ ನಾವು ಏನಂತ ಓದೋದು? ಮಕ್ಕಳು ಫೋನ್ ಹಿಡ್ಕೊಂಡು ಒತ್ತಿದ್ರೆ ಹೀಗೇ ಬರತ್ತೆ.”

“ಮನೇಲಿ ಮಕ್ಕಳಿಲ್ಲ ಮೇಡಂ. ಬರೋ ಮಗೂನ ಉಳಿಸ್ಕೊಳ್ಳೋಕೇ ಅವನು ಒತ್ತಿದ್ದು.”

“ನಾವು ಸುಮ್ನೆ ಪಟ್ಟಿಗೆ ಹಾಕಲ್ಲಮ್ಮ. ಅನುಮಾನ ಬಂದ್ರೆ ವಾಪಸ್ ಫೋನ್ ಮಾಡಿ ಖಾತ್ರಿ ಮಾಡ್ಕೋಬೇಕು ಅಂತ ನಿಯಮ ಇದೆ. ಮಾಡಿದ್ವಿ. ಎರಡು ಸಲ. ಯಾರೂ ಎತ್ಲಿಲ್ಲ.”

ಪಟಾಕಿ ಅವರನ್ನೇ ದಿಟ್ಟಿಸಿದಳು. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು: ‘ಶ್ರವಣದೋಷ ಉಳ್ಳವರಿಗಾಗಿ ತುರ್ತು ಸೇವೆ.’

“ಕಿವಿ ಕೇಳ್ದೇ ಇರೋರಿಗೆ ಅಂತ ಅಂಗಡಿ ತೆಗೆದು, ಫೋನ್ ಎತ್ಲಿಲ್ಲ ಅಂತ ಅವರನ್ನೇ ಕಿಡಿಗೇಡಿ ಅಂತೀರಾ? ಆ ನಿಯಮ ಬರೆದ ಪುಣ್ಯಾತ್ಮ ಯಾರು? ಒಂದ್ಸಲ ಮುಖ ತೋರ್ಸಿ, ನೋಡ್ಬೇಕು ನಂಗೆ.”

ಅತ್ತಿತ್ತ ಕುಳಿತಿದ್ದ ಹುಡುಗಿಯರು ಹೆಡ್‌ಫೋನು ತೆಗೆದು ತಿರುಗಿ ನೋಡಿದರು. ಮೇಲ್ವಿಚಾರಕಿಯ ಮುಖ ಕೆಂಪಾಯಿತು. ಅವರು ಮೆಲ್ಲಗೆ, “ಪಟ್ಟಿಯಲ್ಲಿ ನೂರ ನಲವತ್ತೆಂಟು ಸಂಖ್ಯೆ ಇವೆ,” ಎಂದರು. ಎಲ್ಲವೂ ಒಂದೇ ಮಾದರಿಯ ಫೋನು. ಎಲ್ಲದರಿಂದಲೂ ಬರುವುದು ಇದೇ ಇರುವೆ ಸಾಲು. ಯಾರಾದರೂ ದೂರು ತಂದರೆ, ಸರಿಯಾಗಿ ಟೈಪ್ ಮಾಡಿ ಎಂದು ಹೇಳಿ ಕಳಿಸುತ್ತಿದ್ದರಂತೆ. ಮಾದರಿಯ ಹೆಸರನ್ನೂ ಹೇಳಿದರು. ಅದು ಅವಳದೇ ಕಂಪನಿಯ ಬಟನ್ ಫೋನು. ತಮ್ಮನಿಗೆ ಅದನ್ನು ‘ನಮ್ಮ ಕೋಣೆಯಲ್ಲೇ ಪಾಸಾದದ್ದು’ ಎಂದು ತಂದುಕೊಟ್ಟು, ಪಕ್ಕದಲ್ಲಿ ಕೂತು, ಯಾವ ಗುಂಡಿ ಒತ್ತಬೇಕೆಂದು ಹೇಳಿಕೊಟ್ಟವಳೂ ಅವಳೇ.

ಸಂದೇಶಗಳ ಮೂಲ ದಾಖಲೆ, ಅಂದರೆ ಅಕ್ಷರಗಳಾಗುವ ಮೊದಲಿನ ಅಂಕಿಗಳು, ಬೇಕು ಎಂದು ಕೇಳಿದಳು. ಕಂಪನಿಯಿಂದ ಪತ್ರ ಬಂದರೆ ಮಾತ್ರ ಎಂದರು ಮೇಲ್ವಿಚಾರಕಿ.

ಮರುದಿನ ಬೆಳಿಗ್ಗೆ ಅವಳು ಯಾರ ಜೊತೆಯೂ ಮಾತಾಡದೆ ತನ್ನ ಬೆಂಚಿಗೆ ಹೋಗಿ ಕುಳಿತಳು. ಚಹಾ ತಣ್ಣಗಾದರೂ ಬೈಯಲಿಲ್ಲ. ಪಕ್ಕದ ಬೆಂಚಿನವರಿಗೆ ಅದರಿಂದಲೇ ಭಯವಾಯಿತು.

ಆ ತುರ್ತು ಮೆನು ಇರುವುದು ಫೋನಿನಲ್ಲಿ ಅಲ್ಲ, ಸಿಮ್ ಕಾರ್ಡಿನಲ್ಲಿ. ‘ಏನಾಯಿತು? ಎಲ್ಲಿದ್ದೀರಿ?’ ಎಂದು ಕೇಳುವುದು ಸಿಮ್ಮು. ಜನ ಬರೆದದ್ದನ್ನು ಫೋನು ಅಂಕಿಗಳಾಗಿ ಮಾಡಿ ಸಿಮ್ಮಿನ ಕೈಗಿಡುತ್ತದೆ. ಸಿಮ್ಮು ಅದನ್ನು ಕೇಂದ್ರಕ್ಕೆ ಕಳಿಸುತ್ತದೆ. ಮಾಮೂಲಿ ಮೆಸೇಜಿನ ದಾರಿ ಬೇರೆ, ಇದರ ದಾರಿ ಬೇರೆ. ಅಂಕಿಗಳನ್ನು ಕೊಡುವ ಮೊದಲು ಫೋನು ಒಂದು ಚೀಟಿ ಅಂಟಿಸಬೇಕು: ‘ಒಳಗಿರುವುದು ಇಂಗ್ಲಿಷ್ ಅಕ್ಷರ’ ಅಥವಾ ‘ಒಳಗಿರುವುದು ನಮ್ಮ ಲಿಪಿ’. ಆ ಚೀಟಿ ಒಂದೇ ಒಂದು ಬೈಟು. ಇಂಗ್ಲಿಷಾದರೆ ಸೊನ್ನೆ ನಾಲ್ಕು, ನಮ್ಮ ಲಿಪಿಯಾದರೆ ಸೊನ್ನೆ ಎಂಟು.

ಫೋನಿಗೂ ಸಿಮ್ಮಿಗೂ ನಡುವೆ ತಂತಿ ಸಿಕ್ಕಿಸಿ ಅವರಿಬ್ಬರ ಮಾತು ಕದ್ದು ಕೇಳಿದಳು. ಹತ್ತು ನಿಮಿಷವೂ ಬೇಕಾಗಲಿಲ್ಲ. ನಮ್ಮ ಲಿಪಿಯಲ್ಲಿ ಏನೇ ಬರೆದರೂ ಫೋನು ಅಂಟಿಸುತ್ತಿದ್ದ ಚೀಟಿ ಸೊನ್ನೆ ನಾಲ್ಕು. ಡಬ್ಬಿಯೊಳಗೆ ಸಕ್ಕರೆ, ಮೇಲೆ ಉಪ್ಪು ಎಂಬ ಚೀಟಿ. ಕೇಂದ್ರದ ಕಂಪ್ಯೂಟರು ಚೀಟಿಯನ್ನು ನಂಬಿ, ಅಂಕಿಗಳನ್ನು ಇಂಗ್ಲಿಷಾಗಿ ಓದಲು ಹೋಗಿ, ಅರ್ಥವಾಗದ್ದಕ್ಕೆಲ್ಲ ಪ್ರಶ್ನಾರ್ಥಕ ಹಾಕಿ ಕೈತೊಳೆದುಕೊಂಡಿತ್ತು.

ಒಂದು ಬೈಟು. ನೂರ ನಲವತ್ತೆಂಟು ಮನೆ. ಅವಳು ಎದ್ದು ‘ನೋಡೋಣ’ ಸಾಹೇಬರ ಕೋಣೆಗೆ ಹೋದಳು.

ವಿಭಾಗದ ಮುಖ್ಯಸ್ಥರಿಗೆ ಆ ಹೆಸರು ಬಂದದ್ದು ಸುಮ್ಮನೆ ಅಲ್ಲ. ಸಂಬಳ ಹೆಚ್ಚಿಸಿ ಎಂದರೆ ನೋಡೋಣ, ಕಿಟಕಿಯ ಗಾಜು ಒಡೆದಿದೆ ಎಂದರೆ ನೋಡೋಣ. ಒಂದು ಸಲ ಬೆಂಕಿಯ ಗಂಟೆ ಹೊಡೆದಾಗಲೂ ‘ನೋಡೋಣ ಇರಿ’ ಎಂದರೆಂದು ಪ್ರತೀತಿ. ಅವರು ಅವಳ ಮಾತನ್ನು ಪೂರ್ತಿ ಕೇಳಿದರು, ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು.

“ಒಂದೇ ಬೈಟ್ ಅಲ್ವೇನಮ್ಮಾ.”

“ಒಂದೇ ಬೈಟ್ ಸಾರ್. ಇವತ್ತೇ ಸರಿ ಮಾಡ್ಬೋದು.”

“ಮಾಡ್ಬೋದು. ಆದ್ರೆ ಆ ಸಾಫ್ಟ್‌ವೇರ್ ಮುಟ್ಟಿದ್ರೆ ಮಂಜೂರಾತಿ ಎಲ್ಲಾ ಮೊದಲಿಂದ ಆಗ್ಬೇಕು. ಮೂರು ತಿಂಗಳು. ಹೊರಗೆ ಹೋಗಿರೋ ಫೋನೆಲ್ಲ ವಾಪಸ್ ಕರೆಸ್ಬೇಕು. ಮೇಲಿನವರು ನನ್ನ ಚರ್ಮ ಸುಲೀತಾರೆ. ನೋಡೋಣ, ಮುಂದಿನ ಮಾದರಿಯಲ್ಲಿ ಹಾಕೋಣ.” ಆಮೇಲೆ ದನಿ ತಗ್ಗಿಸಿ, “ಶುಕ್ರವಾರ ಸಹಾಯ ಕೇಂದ್ರದವರು ಸಭೆಗೆ ಬರ್ತಿದಾರೆ. ನೀನೊಂದು ವರದಿ ಬರೆದುಬಿಡು. ಫೋನು ಸರಿಯಾಗಿದೆ, ಉಪಯೋಗಿಸೋರು ಗುಂಡಿ ತಪ್ಪಾಗಿ ಒತ್ತಿದಾರೆ ಅಂತ.”

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ!” ಪಟಾಕಿಯ ದನಿಗೆ ಮೇಜಿನ ಗಾಜು ನಡುಗಿತು. “ತಪ್ಪು ನಮ್ದು, ಬರೆ ಅವರಿಗಾ? ಅಲ್ಲಿ ನನ್ನ ತಮ್ಮ ಹೆಂಡ್ತೀನ ಬಟ್ಟೆ ಗಾಡೀಲಿ ಹಾಕ್ಕೊಂಡು ಓಡಿದಾನೆ ಸಾರ್. ಅದು ಗುಂಡಿ ತಪ್ಪು ಒತ್ತಿದ್ದಾ? ಈ ಕೈಯಲ್ಲಿ ಆ ವರದಿ ಬರೀಬೇಕಾ ನಾನು? ಬರೆಯೋದಕ್ಕಿಂತ ಈ ಕೈ ಕತ್ತರಿಸ್ಕೊಳ್ಳೋದು ವಾಸಿ. ಈ ಫೋನನ್ನ ಯಾರು ಪಾಸ್ ಮಾಡಿದ್ದೋ, ಅವರನ್ನ ಕರೀರಿ ಸಾರ್, ಅವರ ಕೈಲೇ ಬರೆಸಿ!”

ನೋಡೋಣ ಸಾಹೇಬರು ಕಪಾಟಿನಿಂದ ಒಂದು ಫೈಲು ತೆಗೆದು, ಹಾಳೆ ತಿರುವಿ, ಅವಳ ಮುಂದೆ ಇಟ್ಟರು. ನಲವತ್ತೊಂದನೇ ಸಾಲು: ‘ಸಿಮ್ ಮೆನು, ಸ್ಥಳೀಯ ಲಿಪಿ. ಪಾಸು.’ ಪಕ್ಕದಲ್ಲಿ ಹಸಿರು ಶಾಯಿಯ ಸರಿಗುರುತು. ಅದರ ಕೆಳಗೆ ಅವಳ ರುಜು. ಇಡೀ ಮಹಡಿಯಲ್ಲಿ ಹಸಿರು ಪೆನ್ನು ಇಟ್ಟುಕೊಂಡವಳು ಅವಳೊಬ್ಬಳೇ.

ಅವಳು ಹಾಳೆಯನ್ನು ತನ್ನ ಕಡೆ ಎಳೆದುಕೊಂಡಳು.

ನೆನಪಾಯಿತು. ಹತ್ತಾರು ಮಾದರಿಗಳ ನೂರಾರು ಸಾಲುಗಳ ನಡುವೆ ಈ ಗುರುತು ಹಾಕಿದ್ದು ತಾನೇ ಎಂಬುದನ್ನು ಅವಳು ಮರೆತೇಬಿಟ್ಟಿದ್ದಳು. ಬೆಂಚಿನ ಮೇಲೆ ಪರೀಕ್ಷೆಗೆಂದೇ ಒಂದು ಸಿಮ್ಮಿದೆ. ಏನು ಕೊಟ್ಟರೂ ಅದನ್ನೇ ತಿರುಗಿ ಕೊಡುತ್ತದೆ. ಅದಕ್ಕೇ ಅದಕ್ಕೆ ಗಿಳಿ ಎಂದು ಹೆಸರು. ಅವಳು ಪ್ರತಿ ಫೋನಿನಲ್ಲೂ ಗಿಳಿಗೆ ‘ಊಟ ಆಯ್ತಾ’ ಎಂದು ಬರೆಯುತ್ತಿದ್ದಳು, ಗಿಳಿ ‘ಊಟ ಆಯ್ತಾ’ ಎಂದು ವಾಪಸ್ ಕೇಳುತ್ತಿತ್ತು, ‘ಆಯ್ತಪ್ಪಾ’ ಎಂದು ನಗುತ್ತ ಹಸಿರು ಗುರುತು ಹಾಕುತ್ತಿದ್ದಳು. ತಪ್ಪು ಚೀಟಿ ಅಂಟಿಸುತ್ತಿದ್ದದ್ದು ಆ ಫೋನೇ, ಗಿಳಿ ತಿರುಗಿ ಕೊಟ್ಟದ್ದನ್ನು ಓದುತ್ತಿದ್ದದ್ದೂ ಆ ಫೋನೇ. ಓದುವಾಗ ಅದು ಚೀಟಿಯ ಕಡೆ ನೋಡುವುದೇ ಇಲ್ಲ, ಒಳಗಿನದನ್ನು ಮೂಸಿ ತಾನೇ ಊಹಿಸಿಕೊಂಡು ತೋರಿಸುತ್ತದೆ. ತಾನೇ ಹೇಳಿ ತಾನೇ ಕೇಳಿಸಿಕೊಂಡ ಮಾತಿಗೆ ಅವಳು ಪಾಸು ಎಂದಿದ್ದಳು. ಆ ಕಡೆ ಕುಳಿತ ಇನ್ನೊಬ್ಬರು ಅದನ್ನು ಹೇಗೆ ಓದುತ್ತಾರೆ ಎಂದು ಒಂದು ದಿನವೂ ನೋಡಿರಲಿಲ್ಲ. ಅವಳೂ ನೋಡಿರಲಿಲ್ಲ, ಅವಳಿಗೆ ಕೆಲಸ ಕಲಿಸಿದವರೂ ನೋಡಿರಲಿಲ್ಲ.

“ವರದಿ ಬರೆದ್ರೆ ನಿಂಗೂ ಒಳ್ಳೇದು,” ಎಂದರು ಸಾಹೇಬರು, ಬಹಳ ಮೃದುವಾಗಿ.

ಆ ಮೃದುತನಕ್ಕೆ ಅವಳ ಮೈಯೆಲ್ಲ ಉರಿಯಿತು. ಹಾಳೆಯನ್ನು ಫೈಲಿನಿಂದ ಕಿತ್ತು, ಮಡಿಚಿ, ಜೇಬಿಗಿಟ್ಟುಕೊಂಡು ಹೊರಗೆ ಬಂದಳು. ಹೆಂಗಸರ ಕೋಣೆಯ ನಲ್ಲಿ ಬಿಟ್ಟು ಮುಖ ತೊಳೆದಳು. ಕನ್ನಡಿಯಲ್ಲಿ ಕಂಡವಳನ್ನು ಬೈಯಲು ಅವಳಿಗೆ ಯಾವ ಬೈಗುಳವೂ ಸಾಲಲಿಲ್ಲ.

ಸಂಜೆ ಮೇಲ್ವಿಚಾರಕಿಗೆ ಫೋನು ಮಾಡಿದಳು. “ಕಂಪನಿ ಪತ್ರ ಕೊಡಲ್ಲ ಮೇಡಂ. ತಪ್ಪು ನಮ್ದು. ಪಾಸ್ ಮಾಡಿದ್ದು ನಾನೇ. ಶುಕ್ರವಾರ ಬರುವಾಗ ಆ ಮೂಲ ದಾಖಲೆ ತಂದ್ರೆ ತನ್ನಿ. ತರ್ದೇ ಇದ್ರೆ ನಾನೇನೂ ಮಾಡಕ್ಕಾಗಲ್ಲ.” ಅವರು “ಸರಿ,” ಎಂದಷ್ಟೇ ಹೇಳಿ ಇಟ್ಟರು.

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಸಭೆ. ಗಾಜಿನ ಗೋಡೆಯ ಕೋಣೆ. ದೂರುದಾರನೆಂದು ತಮ್ಮನೂ ಬಂದಿದ್ದ. ಲಾಂಡ್ರಿಯವನಲ್ಲವೇ, ಅಂಗಿಯ ಇಸ್ತ್ರಿ ಗೆರೆಗೆ ಕೈ ತಾಕಿದರೆ ಕುಯ್ಯಬೇಕು. ಅವನನ್ನು ಒಳಗೆ ಕೂರಿಸಲು ಸಾಹೇಬರು ಒಪ್ಪಲಿಲ್ಲ. “ಅವರಿಗೆ ಹೇಗೂ ಕೇಳಿಸಲ್ಲವಲ್ಲ,” ಎಂದರು. ಅವನು ಗಾಜಿನ ಆಚೆ ಬೆಂಚಿನ ಮೇಲೆ ಕುಳಿತು ಒಳಗಿನವರ ಮುಖಗಳನ್ನೇ ನೋಡುತ್ತಿದ್ದ.

ಸಾಹೇಬರು ಶುರು ಮಾಡಿದರು. ಫೋನು ಎಲ್ಲ ಪರೀಕ್ಷೆಗಳಲ್ಲಿ ಪಾಸಾಗಿದೆ. ಉಪಯೋಗಿಸುವವರಿಗೆ ತರಬೇತಿಯ ಕೊರತೆ ಇದೆ. ಒಂದು ಕೈಪಿಡಿ ಅಚ್ಚು ಹಾಕಿಸೋಣ, ನೋಡೋಣ. ತಿಪ್ಪೆ ಸಾರಿಸುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ.

ಮೇಲ್ವಿಚಾರಕಿ ಚೀಲದಿಂದ ಕಾಗದಗಳ ಕಟ್ಟೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಸಾಹೇಬರ ಕಡೆ ಅಲ್ಲ, ಪಟಾಕಿಯ ಕಡೆ ತಳ್ಳಿದರು.

“ನೂರ ನಲವತ್ತೆಂಟೂ ಇದೆ. ನಿಮ್ಮ ತಮ್ಮಂದು ಮೇಲಿದೆ.”

“ಇದು ಕಾರ್ಯಸೂಚಿಯಲ್ಲಿ ಇಲ್ಲ,” ಎಂದರು ಸಾಹೇಬರು.

“ಈಗ ಇದೆ,” ಎಂದಳು ಪಟಾಕಿ.

ಎದ್ದು ಬೋರ್ಡಿನ ಹತ್ತಿರ ಹೋಗಿ ಹಸಿರು ಮಾರ್ಕರ್ ಪೆನ್ನು ಹಿಡಿದಳು. ಕಾಗದದ ಮೇಲೆ ಸಾಲು ಸಾಲು ಅಂಕಿಗಳು. ಹೆಚ್ಚು ಕಡಿಮೆ ಪ್ರತಿ ನಾಲ್ಕರ ಗುಂಪಿನ ಮೊದಲಿಗೂ ಅದೇ 0C, 0C, 0C. ನಮ್ಮ ಲಿಪಿಯ ಪ್ರತಿ ಅಕ್ಷರದ ಮನೆತನದ ಹೆಸರದು. ಹದಿನಾಲ್ಕು ವರ್ಷ ಇದೇ ಕೆಲಸ ಮಾಡಿದವಳಿಗೆ ಆ ಪಟ್ಟಿ ಬಾಯಿಪಾಠ. ಅಂಕಿ ನೋಡಿ ಅಕ್ಷರ ಬರೆಯುತ್ತ ಹೋದಳು. ಪೆನ್ನು ಬೋರ್ಡಿನ ಮೇಲೆ ಕಿರ್ರೆನ್ನುತ್ತಿತ್ತು.

ಮೊದಲ ಸಂದೇಶ ಬೋರ್ಡಿನ ಮೇಲೆ ಮೂಡಿತು: ‘ಹೆಂಡತಿಗೆ ರಕ್ತ ಹೋಗುತ್ತಿದೆ. ಏಳು ತಿಂಗಳು. ಲಾಂಡ್ರಿ ಮೇಲಿನ ಮನೆ. ಬೇಗ ಬನ್ನಿ.’

“ಗುಂಡಿ ತಪ್ಪು ಒತ್ತಿದಾನಾ ಸಾರ್?” ಎಂದು ತಿರುಗಿ ನೋಡದೆಯೇ ಕೇಳಿದಳು. “ಒಂದು ಕೊಂಬು, ಒಂದು ಒತ್ತು, ಏನಾದ್ರೂ ತಪ್ಪಿದ್ಯಾ? ಹೇಳಿ.”

ಸಾಹೇಬರು ಪೆನ್ನಿನ ಮುಚ್ಚಳ ಹಾಕಿ ಕೆಳಗಿಟ್ಟರು.

ಎರಡನೆಯದು: ‘ನಮಗೆ ಕಿವಿ ಕೇಳಿಸುವುದಿಲ್ಲ. ಫೋನ್ ಮಾಡಬೇಡಿ. ಬಾಗಿಲು ತೆಗೆದಿಟ್ಟಿದ್ದೇನೆ.’

ಮೇಲ್ವಿಚಾರಕಿ ಅದನ್ನು ಓದಿ ಕಣ್ಣು ಮುಚ್ಚಿದರು. ಫೋನ್ ಮಾಡಬೇಡಿ ಎಂದವನಿಗೆ ಎರಡು ಸಲ ಫೋನು ಮಾಡಿಸಿ, ಎತ್ತಲಿಲ್ಲವೆಂದು ಕಿಡಿಗೇಡಿ ಎಂದು ಬರೆಸಿದ್ದು ಅವರ ಕೇಂದ್ರವೇ. ಚೀಲದಿಂದ ಪಟ್ಟಿ ತೆಗೆದು, ತಮ್ಮನ ಸಂಖ್ಯೆ ಹುಡುಕಿ, ಅದರ ಮೇಲೆ ಎರಡು ಗೆರೆ ಎಳೆದರು. ಆಮೇಲೆ ಸ್ವಲ್ಪ ಯೋಚಿಸಿ, ಆ ಹಾಳೆಯ ಮೇಲಿಂದ ಕೆಳಗಿನವರೆಗೆ ಅಡ್ಡಡ್ಡ ಗೀರಿಬಿಟ್ಟರು.

“ಇವತ್ತೇ ಎಲ್ಲರದ್ದೂ ತೆಗೀತೀವಿ. ನಿಮ್ಮ ಫೋನ್ ಸರಿಯಾಗೋ ತನಕ ಬರೀ ಪ್ರಶ್ನಾರ್ಥಕ ಬಂದ್ರೂ ಗಾಡಿ ಕಳಿಸ್ತೀವಿ. ವಿಳಾಸ ನಮ್ಮ ನೋಂದಣಿ ಪುಸ್ತಕದಲ್ಲೇ ಇದೆ,” ಎಂದರು. ಆಮೇಲೆ ಸಾಹೇಬರ ಕಡೆ ತಿರುಗಿ, “ಮೂರು ತಿಂಗಳಾಗತ್ತೋ ಮೂವತ್ತಾಗತ್ತೋ, ಮಂಜೂರಾತಿ ಕೆಲಸ ಇವತ್ತು ಶುರು ಮಾಡ್ತೀರಿ. ಇಲ್ದಿದ್ರೆ ಈ ಬೋರ್ಡಿನ ಫೋಟೋ ನಿಮ್ಮ ಮೇಲಿನವರಿಗೆ ನಾನೇ ಕಳಿಸ್ತೀನಿ.”

ಸಾಹೇಬರ ಬಾಯಿಂದ ನೋಡೋಣ ಎಂಬ ಮಾತು ಹೊರಡಲಿಲ್ಲ. “ಮಾಡೋಣ,” ಎಂದರು. ಆ ಕಟ್ಟಡದಲ್ಲಿ ಯಾರೂ ಅವರ ಬಾಯಲ್ಲಿ ಆ ಶಬ್ದ ಕೇಳಿರಲಿಲ್ಲ.

ಗೆದ್ದಾಗಿತ್ತು. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಮೂರನೆಯ ಸಂದೇಶ ಉಳಿದಿತ್ತು, ಮತ್ತು ಪಟಾಕಿ ಅರ್ಧಕ್ಕೆ ಬಿಡುವವಳಲ್ಲ. ಕಾಗದ ಎತ್ತಿಕೊಂಡಳು. ಮೊದಲ ನಾಲ್ಕು ಗುಂಪು: 0C85 0C95 0CCD 0C95.

ಬರೆಯುವ ಮೊದಲೇ ಅವಳಿಗೆ ಓದಲು ಬಂದಿತ್ತು. ಅ. ಕ. ಅರ್ಧಾಕ್ಷರದ ಗುರುತು. ಮತ್ತೆ ಕ.

ಪೆನ್ನು ಬೋರ್ಡಿನಿಂದ ಒಂದು ಗೇಣು ದೂರದಲ್ಲೇ ನಿಂತಿತು. ಉಳಿದದ್ದನ್ನು ಮನಸ್ಸಿನಲ್ಲೇ ಓದಿಕೊಂಡಳು. ಮತ್ತೆ ಓದಿದಳು.

“ಏನಿದೆಯಮ್ಮ ಅದರಲ್ಲಿ?” ಎಂದು ಮೇಲ್ವಿಚಾರಕಿ ಕೇಳಿದರು.

ಅವಳು ಬರೆದಳು. ಬರೆಯುವಾಗ ಅಕ್ಷರಗಳು ಸೊಟ್ಟಗಾದವು.

‘ಅಕ್ಕ ಪಾಸು ಮಾಡಿದ ಫೋನು ಇದು. ನಿಮಗೆ ಮುಟ್ಟಿರುತ್ತದೆ ಅಂತ ಗೊತ್ತು. ಕಾಯುತ್ತಿದ್ದೇನೆ.’

ಅವಳು ಜೇಬಿನಿಂದ ಆ ಮಡಿಚಿದ ಹಾಳೆ ತೆಗೆದು, ಬಿಡಿಸಿ, ಮೇಲ್ವಿಚಾರಕಿಯ ಮುಂದಿಟ್ಟಳು. ನಲವತ್ತೊಂದನೇ ಸಾಲಿನ ಮೇಲೆ ಬೆರಳಿಟ್ಟು, “ಇದನ್ನೂ ಇಟ್ಕೊಳ್ಳಿ. ಈ ಹಸಿರು ಗುರುತು ನಂದು,” ಎಂದಳು. ಮೂರು ದಿನದಿಂದ ಯಾರ ಯಾರ ಮೇಲೋ ಉರಿಯುತ್ತಿದ್ದ ಕೆಂಡ ಈಗ ಅವಳನ್ನೇ ಸುಡುತ್ತಿತ್ತು, ಮತ್ತು ಅದು ಆರಬಾರದು ಎಂದೇ ಅವಳಿಗೆ ಅನ್ನಿಸಿತು.

ಗಾಜಿನ ಆಚೆ ತಮ್ಮ ಎದ್ದು ನಿಂತಿದ್ದ. ಬೋರ್ಡಿನ ಮೇಲೆ ತನ್ನದೇ ಮಾತುಗಳನ್ನು ಕಂಡು ಅವನ ಮುಖ ಅರಳಿತ್ತು. ಎರಡೂ ಕೈ ಎತ್ತಿ ಅಕ್ಕನನ್ನು ಕೇಳಿದ: ಹಾಗಾದ್ರೆ ಅವತ್ತೇ ಮುಟ್ಟಿತ್ತಾ?

ಅವಳು ಪೆನ್ನು ಕೆಳಗಿಟ್ಟಳು. ಈ ಸಲ ಬಾಯಿ ತೆರೆಯಲಿಲ್ಲ, ಕೈಯಲ್ಲಷ್ಟೇ ಹೇಳಿದಳು.

ಮುಟ್ಟಿತ್ತು. ನಾವು ಓದಲಿಲ್ಲ.